ಡಾಕ್ಟರ ದನಿಯಲ್ಲಿ ಬಂದ ಫೋನು

ಮಂಜ, ಎರಡು ವರ್ಷದ ಹಿಂದೆ ನಿನಗೆ ಫೋನು ಮಾಡಿದ್ದು ಡಾಕ್ಟರಲ್ಲ—ನಾನು.

ಆಸ್ಪತ್ರೆಯ ಬೆಂಚಿನ ಮೇಲೆ ಶುರುವಾದ ಗೆಳೆತನ ನಮ್ಮದು. ನೀನು ಹಿನಕಲ್, ನಾನು ಕುವೆಂಪುನಗರ. ಇಬ್ಬರಿಗೂ ಒಂದೇ ಮೂರ್ಛೆರೋಗ. ಡಾಕ್ಟರು, ಸಿಸ್ಟರು, ಕೊನೆಗೆ ಫಿಟ್ಸ್ ಬಂದಾಗಿನ ನನ್ನದೇ ಮುಖ—ಎಲ್ಲದರ ಮಿಮಿಕ್ರಿ ಮಾಡುತ್ತಿದ್ದೆ ನಾನು. “ಲೋ, ನಿಂಗೆ ನಾಚ್ಕೆ ಇಲ್ವೇನೋ!” ಎಂದು ಬೈಯುತ್ತಲೇ ನಗುತ್ತಿದ್ದೆ ನೀನು.

ಪ್ರಯೋಗದ ಚಿಕಿತ್ಸೆಗೆ ಇಬ್ಬರೂ ಸೇರಿದೆವು. ದಿನಾ ಬೆಳಿಗ್ಗೆ ಉಪ್ಪುನೀರಿನಲ್ಲಿ ನೆನೆಸಿದ ಸ್ಪಂಜು ತಲೆಗೆ ಕಟ್ಟಿ, ಮಿದುಳಿಗೆ ಸಣ್ಣ ಕರೆಂಟು. ಕೆಲವರಿಗೆ ನಿಜವಾದದ್ದು; ಕೆಲವರಿಗೆ ಒಂದು ಗಳಿಗೆ ಚುರುಗುಟ್ಟಿಸಿ ನಿಲ್ಲಿಸಿಬಿಡುವುದು. ಯಾರಿಗೆ ಯಾವುದೆಂದು ಕೊನೆಯವರೆಗೂ ಹೇಳುವುದಿಲ್ಲ ಎಂದಿದ್ದರು.

ಮೂರನೇ ವಾರಕ್ಕೆ ನಿನ್ನ ಫಿಟ್ಸ್ ನಿಂತಿತು. ನನ್ನದು ನಿಲ್ಲಲಿಲ್ಲ. ಮಂಡಿ ಮೊಹಲ್ಲಾದ ಬೇಕರಿಯಲ್ಲಿ ನಿನ್ನಿಂದ ಬರೀ ಪೊಟ್ಟಣ ಕಟ್ಟಿಸುತ್ತಿದ್ದ ಯಜಮಾನರು ನಿನ್ನನ್ನು ಮತ್ತೆ ಒಲೆಯ ಹತ್ತಿರ ಬಿಟ್ಟರು. ನೀನೇ ಬೇಯಿಸಿದ ಬನ್ನು ತಂದು ನನ್ನ ಕೈಗಿಟ್ಟೆ.

“ಹೆಂಗದೆ? ಹೇಳ್ಬುಡು.”

“ಅಡಿ ಸೀದೋಗಿದೆ ಕಣೋ,” ಎಂದೆ. ಮನಸ್ಸಿನಲ್ಲಿ ಒಂದೇ ಮಾತು—ಇವನಿಗೆ ಮಾತ್ರ ಯಾಕೆ? ನನಗೆ ಯಾಕಿಲ್ಲ?

ಮರುದಿನ ಅಕ್ಕನ ಫೋನು ತೆಗೆದುಕೊಂಡು, ಡಾಕ್ಟರ ಹಾಗೆಯೇ ಎರಡು ಸಲ ಗಂಟಲು ಸರಿಮಾಡಿಕೊಂಡು ಹೇಳಿದೆ: “ನೋಡಪ್ಪ ಮಂಜುನಾಥ, ಹೇಳ್ಬಾರ್ದು, ಆದ್ರೂ ಹೇಳ್ತಿದೀನಿ. ನಿನಗೆ ಕರೆಂಟೇ ಕೊಡ್ತಿಲ್ಲ. ನಾಳೆಯಿಂದ ಬರೋದು ಬೇಡ.”

ತಮಾಷೆಗೆ—ಇಲ್ಲ, ತಮಾಷೆಗಲ್ಲ. ನೀನು ನಂಬಲಿ ಎಂದೇ.

“ಆಯ್ತು ಸರ್, ನಿಮ್ಮಿಂದ ತುಂಬಾ ಉಪಕಾರ ಆಯ್ತು ಸರ್,” ಎಂದು ನೀನು ಫೋನು ಇಟ್ಟುಬಿಟ್ಟೆ. ಸಿಸ್ಟರು ಫೋನು ಮಾಡಿ ಯಾಕೆ ಬರುತ್ತಿಲ್ಲವೆಂದು ಕೇಳಿದಾಗಲೂ ನೀನು ಬಾಯಿ ಬಿಡಲಿಲ್ಲ. ಗುಟ್ಟು ಹೇಳಿದ ಡಾಕ್ಟರಿಗೆ ತೊಂದರೆಯಾದೀತು ಎಂದು—ಅವರನ್ನು ಕಾಪಾಡಲು—“ಇಷ್ಟ ಇಲ್ಲ ಸಿಸ್ಟರ್” ಎಂದೆಯಂತೆ.

ತಿಂಗಳೊಳಗೆ ನಿನ್ನ ಫಿಟ್ಸ್ ಮರಳಿತು. ಒಲೆಯ ಮುಂದೆ ಬಿದ್ದೆ ನೀನು. ಬಲಗೈ ಕಾದ ತಟ್ಟೆಯ ಮೇಲೆ—

ಈಗ ಮತ್ತೆ ಪೊಟ್ಟಣ ಕಟ್ಟುತ್ತೀಯ, ಎಡಗೈಯಲ್ಲಿ. ನಾನು ಬಂದರೆ ಸಾಕು, “ಲೋ, ಆ ಡಾಕ್ಟ್ರು ದನಿ ಮಾಡೋ!” ಎನ್ನುತ್ತೀಯ. ನಾನು ಮಾಡಿಯೂ ಬಿಟ್ಟಿದ್ದೇನೆ, ಮಂಜ, ಎಷ್ಟೋ ಸಲ.

ಹೋದ ವಾರ ಪ್ರಯೋಗ ಪೂರ್ತಿ ಮುಗಿಯಿತು. ನನಗೆ ಸಿಕ್ಕಿದ್ದು ಬರೀ ಉಪ್ಪುನೀರಿನ ಸ್ಪಂಜು. ಸಿಸ್ಟರು ಬಾಯಿ ತಪ್ಪಿ ಅಂದರು, “ಪಾಪ, ನಿಮ್ಮ ಫ್ರೆಂಡ್‌ಗೆ ನಿಜವಾದ್ದೇ ಇತ್ತು. ಸುಮ್ನೆ ಬಿಟ್ಬುಟ್ರು.”

ಸೋಮವಾರದಿಂದ ನನಗೂ ನಿಜವಾದ ಕರೆಂಟು ಕೊಡುತ್ತಾರಂತೆ. ಸ್ಪಂಜು ಕಟ್ಟುವ ಮೊದಲೇ ಡಾಕ್ಟರಿಗೆ ಎಲ್ಲವನ್ನೂ ಹೇಳುತ್ತೇನೆ. ನನ್ನನ್ನು ಹೊರಗೆ ಹಾಕಿದರೆ ಹಾಕಲಿ. ನಿನ್ನನ್ನು ಮತ್ತೆ ಸೇರಿಸಿಕೊಳ್ಳುತ್ತಾರೋ ಕೇಳುತ್ತೇನೆ. ಈ ಕಾಗದ ಮಾತ್ರ ಇವತ್ತೇ ಬೇಕರಿಗೆ ತಂದು ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೂ ಎದುರಿಗೇ ನಿಂತಿರುತ್ತೇನೆ.

ಆ ಬನ್ನು ಸೀದಿರಲಿಲ್ಲ, ಮಂಜ.