ಸಾಂಗ್ರೋ ನದಿಯ ಸುದ್ದಿ ಹೊತ್ತು ಸಿ.ಎಸ್. ಪುರಕ್ಕೆ

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ನಾನೂ ಆನಾಳೂ ತುಮಕೂರು ಬಸ್ ನಿಲ್ದಾಣದಲ್ಲಿ ತಟ್ಟೆ ಇಡ್ಲಿ ತಿಂದು ಗುಬ್ಬಿ ಬಸ್ಸು ಹತ್ತಿದೆವು. ಮಂಜು ಇನ್ನೂ ಕರಗಿರಲಿಲ್ಲ. ಕಂಡಕ್ಟರ್ ನನಗೆ ಹೆಂಗಸರ ಉಚಿತ ಟಿಕೆಟ್ ಕೊಟ್ಟು ಆನಾಳ ಮುಖ ನೋಡಿ, "ಇವ್ರತ್ರ ಆಧಾರ್ ಐತಾ ಮೇಡಂ?" ಎಂದ. "ಇಲ್ಲ, ದುಡ್ಡು ಕೊಡ್ತೀನಿ" ಎಂದು ಆನಾ ತಾನೇ ಕನ್ನಡದಲ್ಲಿ ಹೇಳಿದಾಗ ಅರ್ಧ ಬಸ್ಸು ತಿರುಗಿ ನೋಡಿತು.

ಆನಾ ಜರ್ಮನಿಯವಳು. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಯಂತ್ರ ಕೂರಿಸಲು ಬಂದ ಇಂಜಿನಿಯರ್. ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಳು. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವಳು, ಹಾಗಾಗಿ ನಮ್ಮಿಬ್ಬರಿಗೂ ಮಾತು ಬೇಗ ಕೂಡಿತು. ಎರಡನೇ ಮಹಾಯುದ್ಧದಲ್ಲಿ ತನ್ನ ತಾತ ವಿಲ್ಹೆಲ್ಮ್ ಇದ್ದ ಜರ್ಮನ್ ಪದಾತಿ ಡಿವಿಷನ್ನಿನ ಚರಿತ್ರೆಯನ್ನು ಬೇರುಸಮೇತ ತಿಳಿಯಬೇಕೆಂದು ಅವಳು ವರ್ಷಗಳಿಂದ ಹಟ ಹಿಡಿದಿದ್ದಳು. ಮೀಸೆ ಚಿಗುರದ ಹುಡುಗರನ್ನೇ ಹೆಚ್ಚಾಗಿ ಸೇರಿಸಿ ಕಟ್ಟಿದ ಡಿವಿಷನ್ ಅದು. ಹಾಲೆಂಡಿನ ಕರಾವಳಿಯಲ್ಲಿ ಕಾವಲಿದ್ದು, ಅಲ್ಲಿಂದ ಇಟಲಿಗೆ ಹೋಗಿ, ಸಾಂಗ್ರೋ ಎಂಬ ನದಿಯ ದಡದಲ್ಲಿ ನಮ್ಮವರೂ ಇದ್ದ ಬ್ರಿಟಿಷ್ ಸೈನ್ಯದೆದುರು ಮುರಿದುಬಿತ್ತು.

ಅಲ್ಲೇ ವಿಲ್ಹೆಲ್ಮ್ ಒಂದು ಕಾಲು ಕಳೆದುಕೊಂಡು ಸೆರೆಯಾದ. ನೆಲಬಾಂಬುಗಳ ನಡುವೆ ಬಿದ್ದಿದ್ದ ಅವನನ್ನು ಹೊತ್ತು ತಂದವನು ಕರೀಂ ಎಂಬ ಭಾರತೀಯ ಸ್ಯಾಪರ್, ಅಂದರೆ ಸೇತುವೆ ಕಟ್ಟುವ, ಮೈನ್ ಎಂಬ ನೆಲಬಾಂಬು ತೆಗೆಯುವ ಸೈನಿಕ. ತನ್ನ ಊರಿಗೆ ಒಂದು ಪುಟ್ಟ ಹಕ್ಕಿಯ ಹೆಸರೆಂದು ಅವನು ಕೈಸನ್ನೆಯಲ್ಲಿ, ಹರಕು ಇಂಗ್ಲಿಷಿನಲ್ಲಿ ಹೇಳಿದ್ದನಂತೆ. ತಾತ ಮೊಮ್ಮಕ್ಕಳಿಗೆ ಹೇಳಿದ್ದು ಇಷ್ಟೇ. ಪಕ್ಕದ ಊರು ಗುಬ್ಬಿಗೆ ಯಾವ ಹಕ್ಕಿಯ ಹೆಸರು ಎಂದು ನಾನು ಒಂದು ದಿನ ಊಟದ ನಡುವೆ ಹೇಳಿದಾಗ ಆನಾ ತಟ್ಟೆ ಬಿಟ್ಟು ಎದ್ದಳು. "ಹೋಗೋಣ" ಎಂದಳು. ಅವತ್ತೇ ಹೊರಡುವವಳನ್ನು ತಡೆದು ರಜೆಯವರೆಗೆ ಕಾಯಿಸಲು ನನಗೆ ಸಾಕುಸಾಕಾಯಿತು.

ಗುಬ್ಬಿಯಲ್ಲಿ ಇಳಿದವರು ನಿಲ್ದಾಣದ ಪಕ್ಕದ ಟೀ ಅಂಗಡಿಗೆ ಹೋದೆವು. ಅದರ ಯಜಮಾನ ನಂಜೇಗೌಡರು ಮಿಲಿಟರಿಯಿಂದ ನಿವೃತ್ತರಾದವರು ಎಂದು ನಮ್ಮ ಶಾಲೆಯ ಒಬ್ಬ ಮೇಷ್ಟ್ರು ಹೇಳಿ ಕಳಿಸಿದ್ದರು. ನಾನು ವಿಷಯ ತೆಗೆದ ಕೂಡಲೇ ಅವರು ಸ್ಟೌ ಸಣ್ಣ ಮಾಡಿದರು.

"ಮಿಲ್ಟ್ರಿ ಕರೀಂ ಸಾಬ್ರು ತಾನೇ? ನಾನು ಸೈನ್ಯಕ್ಕೆ ಸೇರಿದ್ದೇ ಅವ್ರನ್ನ ನೋಡಿ ಕಣಮ್ಮ. ತೀರ್ಕೊಂಡು ಬಾಳ ವರ್ಷ ಆಯ್ತು. ಮಗಳು ಖೈರುನ್ನಿಸಾ ಕುಣಿಗಲ್‌ನಾಗವ್ರೆ." ಅಷ್ಟು ಹೇಳಿ ಆನಾಳನ್ನು ದಿಟ್ಟಿಸಿದರು. "ಈಯಮ್ಮ ಯಾರ ಕಡೆಯೋರು?"

"ಅವರು ಹೊತ್ಕೊಂಡು ಬಂದ ಜರ್ಮನ್ನವನ ಮೊಮ್ಮಗಳು" ಎಂದೆ.

ಗೌಡರು ಸ್ಟೌ ಆರಿಸಿದರು. "ಆ ಮಾತು ಎತ್ತುದ್ರೆ ಸಾಬ್ರು ಎದ್ದು ಹೋಗೋರು. ಮಗಳು ಏನಂತಾರೋ. ಹೋಗಿ, ನೋಡಿ" ಎಂದು ಅವರೇ ಫೋನ್ ಮಾಡಿ ನಾವು ಬರುವ ಸುದ್ದಿ ಮುಟ್ಟಿಸಿದರು.

ಕುಣಿಗಲ್ ದಾರಿಯುದ್ದಕ್ಕೂ ತೆಂಗಿನ ತೋಟ, ಕೊಯ್ಲಾದ ರಾಗಿ ಹೊಲ. ರಸ್ತೆಗೆ ಹರವಿದ್ದ ರಾಗಿ ತೆನೆಯ ಮೇಲೆಯೇ ಬಸ್ಸು ಹಾಯುತ್ತಿತ್ತು. ಕುಣಿಗಲ್ಲಿನ ಕುದುರೆ ಫಾರಂ ಹೆಸರುವಾಸಿ ಎಂದು ನಾನು ಆನಾಳಿಗೆ ಹೇಳಿದೆ. "ನಮ್ಮ ತಾತನ ಡಿವಿಷನ್ನಿನ ಫಿರಂಗಿ ಎಳೆದದ್ದೂ ಕುದುರೆಗಳೇ. ಸಿನಿಮಾದಲ್ಲಿ ಬರೀ ಟ್ಯಾಂಕು ತೋರಿಸುತ್ತಾರೆ" ಎಂದಳು ಇಂಗ್ಲಿಷಿನಲ್ಲಿ. ಆಮೇಲೆ ಕಿಟಕಿಯ ಕಡೆ ತಿರುಗಿ, ನನಗೆ ಅದುವರೆಗೆ ಹೇಳದಿದ್ದ ಸಂಗತಿ ಹೇಳಿದಳು. ಹಿಂದೆ ಸರಿಯುವಾಗ ಆ ಡಿವಿಷನ್ ನದಿಯಾಚೆಯ ಹಳ್ಳಿಗಳ ಮನೆ ಸುಟ್ಟಿತ್ತು, ದನಕರು ಹೊಡೆದುಕೊಂಡು ಹೋಗಿತ್ತು, ದಾರಿಗಳಲ್ಲೂ ಬಾವಿಗಳ ಸುತ್ತಲೂ ನೆಲಬಾಂಬು ಹೂತಿತ್ತು. ವಿಲ್ಹೆಲ್ಮನ ತುಕಡಿಯ ಕೆಲಸವೇ ಅವನ್ನು ಹೂಳುವುದು.

"ಅದನ್ನು ಅಲ್ಲಿ ಹೇಳಬೇಡ. ಧನ್ಯವಾದ ಹೇಳಿ ಬರೋಣ" ಎಂದೆ.

"ಅರ್ಧ ಹೇಳಿ ಹೋಗುವುದಾದರೆ ನಮ್ಮ ತಾತ ಮಾಡಿದ್ದನ್ನೇ ಮಾಡಿದಂತೆ" ಎಂದಳು ಆನಾ.

ಖೈರುನ್ನಿಸಾ ಎಪ್ಪತ್ತೈದು ದಾಟಿದ, ನೆಟ್ಟಗೆ ಕೂರುವ ಹೆಂಗಸು. ಮೊದಲು ಕುಷ್ಕ, ದಾಲ್ಚ ಬಡಿಸಿದರು. ನನಗೆ ಬರುತ್ತಿದ್ದ ಉರ್ದುವಿನಲ್ಲಿ ಶುರುವಾದ ಮಾತು, ಆನಾಳಿಗೆ ಒಂದಿಷ್ಟು ಕನ್ನಡ ತಿಳಿಯುತ್ತದೆಂದು ಗೊತ್ತಾದ ಮೇಲೆ ಕನ್ನಡಕ್ಕೆ ತಿರುಗಿತು. ಆನಾ ತಾತನ ಕಥೆ ಹೇಳಿ, ಕೈಮುಗಿದು ಧನ್ಯವಾದ ಹೇಳಿದಳು.

"ಕರುಣೆಯಿಂದ ಹೊತ್ಕೊಂಡು ಬಂದ್ರು ಅಂದ್ಕೊಂಡಿದೀಯಾ?" ಎಂದರು ಖೈರುನ್ನಿಸಾ. "ಅಬ್ಬಾ ಇದನ್ನ ನನಗೊಬ್ಬಳಿಗೇ ಹೇಳಿದ್ರು. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಮುನಿಯಪ್ಪ ಅಂತ ಅವರ ಜೀವದ ಗೆಳೆಯ. ಹಿಂದಿನ ದಿನ ಅದೇ ಜಾಗದಲ್ಲಿ ಮೈನ್ ತೆಗೀತಾ ಸತ್ತೋದ. ಮಾರನೇ ಬೆಳಿಗ್ಗೆ ಅಲ್ಲೇ ಒಬ್ಬ ಜರ್ಮನ್ನವನು ಬಿದ್ದು ನರಳ್ತಿದ್ದ. ಬಿಡು, ಸಾಯ್ಲಿ ಅಂದ್ರಂತೆ ಎಲ್ಲಾ. ಹೂತಿಟ್ಟವನಿಗೆ ಎಲ್ಲೆಲ್ಲಿ ಹೂತಿದೀನಿ ಅಂತ ಗೊತ್ತಿರುತ್ತೆ, ಅದಕ್ಕೆ ಅಬ್ಬಾ ಒಳಗೆ ಹೋದ್ರು. ಅವನು ಮಲಗಿದ್ದಲ್ಲಿಂದಾನೇ ಕೈ ತೋರ್ಸಿದ. ಇಲ್ಲೊಂದು, ಅಲ್ಲೊಂದು, ಬಾವಿ ಹತ್ರ ಇನ್ನಷ್ಟು ಅಂತ. ಹೊತ್ಕೊಂಡು ಬರೋವಾಗ ಕೆಳಗೆ ಬಿಸಾಕ್ಬಿಡೋಣ ಅಂತ ದಾರಿ ಪೂರ್ತಿ ಅನ್ನಿಸ್ತಿತ್ತಂತೆ. ಬಿಸಾಕ್ಲಿಲ್ಲ."

ಆನಾ ತಟ್ಟೆ ಪಕ್ಕಕ್ಕಿಟ್ಟಳು. ನನ್ನ ಸಹಾಯ ಕೇಳದೆ, ಒಂದೊಂದೇ ಕನ್ನಡ ಪದ ಹುಡುಕಿ ಹೇಳಿದಳು. "ನಮ್ಮ ತಾತ ಇಟ್ಟಿದ್ದು. ಬಾವಿ ಹತ್ರ. ನೀರಿಗೆ ಬರೋ ಹೆಂಗಸರು, ಮಕ್ಕಳು... ಸಾಯಲಿ ಅಂತ. ಮನೆಯಲ್ಲಿ ನಮಗೆ ಹೇಳಲಿಲ್ಲ. ನಾನು ಓದಿ ತಿಳಿದೆ."

ಖೈರುನ್ನಿಸಾ ಅವಳ ತಟ್ಟೆಗೆ ಇನ್ನೊಂದು ಸೌಟು ದಾಲ್ಚ ಹಾಕಿದರು. "ನಿನ್ನ ಬಾಯಿಂದ ಬರುತ್ತೋ ಇಲ್ವೋ ಅಂತ ಕಾಯ್ತಿದ್ದೆ. ಇದನ್ನ ನನಗೆ ಹೇಳಿದ್ರೆ ಸಾಲದು. ಮುನಿಯಪ್ಪನ ತಮ್ಮ ಇನ್ನೂ ಇದಾರೆ. ಯುದ್ಧದಿಂದ ಬಂದ ಮೇಲೆ ಅಬ್ಬಾ ಅವರ ಮನೆಗೆ ಹೋಗಿದ್ರು. ಆ ತಾಯಿ ಅಳೋದು ಕೇಳಿ ಬಾಗಿಲಿಂದಾನೇ ವಾಪಸ್ ಬಂದ್ರು. ನಾಳೆ ನಾನೂ ಬರ್ತೀನಿ."

ರಾತ್ರಿ ಅಲ್ಲೇ ತಂಗಿ, ಭಾನುವಾರ ಬೆಳಿಗ್ಗೆ ಮೂವರೂ ಬಸ್ಸು ಹಿಡಿದೆವು. ಬಿಸಿಲು ಏರುವ ಹೊತ್ತಿಗೆ ಸಿ.ಎಸ್. ಪುರ. ಮುನಿಯಪ್ಪನ ತಮ್ಮ ಹನುಮಂತಯ್ಯ ತೊಂಬತ್ತರ ಆಸುಪಾಸಿನವರು. ಜಗಲಿಯ ಬಿಸಿಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಮಗಳು ಲಕ್ಷ್ಮಮ್ಮ. ಖೈರುನ್ನಿಸಾ ತಾವು ಯಾರೆಂದು ಹೇಳಿ, ಅವತ್ತು ತಮ್ಮ ತಂದೆ ಹೇಳಲಾಗದೆ ಹೋದದ್ದನ್ನೆಲ್ಲ ಹೇಳಿದರು. ಆಮೇಲೆ ಆನಾ ತನ್ನ ಮಾತು ಹೇಳಿದಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದೆ.

ಲಕ್ಷ್ಮಮ್ಮ ಮೊರ ಸರಿಸಿ ಎದ್ದೇಬಿಟ್ಟರು. "ನಮ್ ದೊಡ್ಡಪ್ಪನ್ನ ಸಾಯ್ಸಿದ್ದು ನಿಮ್ ತಾತಾನೇ ಅಂತ ಹೇಳಕ್ಕೆ ಇಲ್ಲಿಗಂಟ ಬಂದ್ಯೇನವ್ವಾ? ಏನ್ ಬರುತ್ತೆ ಈಗ ಅದ್ರಿಂದ?"

ಆನಾ ಅವರ ಮುಖವನ್ನೇ ನೋಡಿದಳು.

"ಸುಮ್ಕಿರು ಲಕ್ಷ್ಮೀ" ಎಂದರು ಹನುಮಂತಯ್ಯ. "ಇಟ್ಲಿನಾಗೆ ಸತ್ತ ಅಂತ ತಂತಿ ಬಂತು, ಅಷ್ಟೇಯ. ಎಲ್ಲಿ, ಹೆಂಗೆ, ಯಾರೂ ಹೇಳ್ಲಿಲ್ಲ. ನಮ್ಮವ್ವ ಕೇಳ್ತಾ ಕೇಳ್ತಾನೇ ಹೋದ್ಲು." ಆನಾಳತ್ತ ತಿರುಗಿ, "ಆ ಜಾಗ ನೀನು ನೋಡಿದೀಯಾ?" ಎಂದರು.

ನೋಡಿದ್ದಳು. ತಾತನ ಡಿವಿಷನ್ನಿನ ಜಾಡು ಹಿಡಿದು ಆ ದಡದಲ್ಲೆಲ್ಲ ನಡೆದಿದ್ದಳು. ನದಿಯ ಹೆಸರು ಹೇಳಿದಳು. ಹನುಮಂತಯ್ಯ "ಸಾಂಗ್ರೋ, ಸಾಂಗ್ರೋ" ಎಂದು ಬಾಯಿಗೆ ಹೊಂದಿಸಿಕೊಂಡರು.

"ನದೀಲಿ ನೀರೈತಾ?"

"ಮಳೆಗಾಲದಲ್ಲಿ ಜೋರು. ಬೇಸಿಗೆಯಲ್ಲಿ ಕಲ್ಲು ಕಾಣುತ್ತೆ."

"ಏನ್ ಬೆಳೀತಾರೆ?"

"ದ್ರಾಕ್ಷಿ, ಗೋಧಿ. ಎಣ್ಣೆ ತೆಗೆಯೋ ಒಂದು ಮರದ ಕಾಯಿ."

"ಬಾವಿ?"

"ಇದೆ. ನಾನು ಆ ನೀರು ಕುಡಿದೆ."

"ಹೊಲ ಉಳ್ತಾರಾ? ಭಯ ಇಲ್ದೆ?"

"ಉಳ್ತಾರೆ. ಆ ನೆಲದಲ್ಲಿ ಈಗ ಒಂದೂ ಮೈನ್ ಇಲ್ಲ" ಎಂದಳು ಆನಾ, ಕನ್ನಡದಲ್ಲೇ.

ಹನುಮಂತಯ್ಯ ಕೈಯಲ್ಲಿದ್ದ ಅವರೆಕಾಯಿ ಕೆಳಗಿಟ್ಟು, ಖೈರುನ್ನಿಸಾರ ಕಡೆ ನೋಡಿದರು. "ಹಂಗಾರೆ ನಿಮ್ಮಪ್ಪನೂ ನಮ್ಮಣ್ಣನೂ ಹೋದ ಕೆಲ್ಸ ಮುಗೀತು ಬುಡವ್ವ."

ಲಕ್ಷ್ಮಮ್ಮ ಒಳಗೆ ಹೋಗಿ ನಮಗೆಲ್ಲ ನೀರು ತಂದರು. ಆನಾಳಿಗೆ ಕೊಟ್ಟು, ಅವಳು ಪೂರ್ತಿ ಕುಡಿಯುವವರೆಗೆ ಅಲ್ಲೇ ನಿಂತಿದ್ದರು. ಊಟವಾಗಿ ಹೊರಟಾಗ ಹನುಮಂತಯ್ಯ ಕೋಲೂರಿಕೊಂಡು ಬಸ್ಸಿನವರೆಗೆ ಬಂದರು. ಬಸ್ಸು ಕದಲಿದ ಮೇಲೆ ನಾನು ಹಿಂದಿನ ಗಾಜಿನಲ್ಲಿ ನೋಡಿದೆ. ರಸ್ತೆಯ ಅಂಚಿನಲ್ಲಿ ಊರಿನವರೊಬ್ಬರನ್ನು ನಿಲ್ಲಿಸಿಕೊಂಡು ಅವರು ಏನೋ ಹೇಳುತ್ತಿದ್ದರು. ಮಾತು ಕೇಳಿಸಲಿಲ್ಲ. ಅವರ ಕೈ ಮಾತ್ರ ಗಾಳಿಯಲ್ಲಿ, ನದಿ ಹರಿದು ಹೋಗುವ ಹಾಗೆ, ಮೆಲ್ಲನೆ ಬಳುಕುತ್ತಾ ಹೋಗುತ್ತಿತ್ತು.