ಚಿತ್ರದ ಕೆಳಗಿನ ಪದ

ಸುಮಾ ಇಳಕಲ್ಲಿನ ನೇಕಾರರ ಮನೆಯ ಮಗಳು. ತಂದೆ ಬೀರಲಿಂಗಪ್ಪ ಇಂದಿಗೂ ಕೈಮಗ್ಗದಲ್ಲೇ ಸೀರೆ ನೇಯುವವನು. ಹುನಗುಂದದಲ್ಲಿ ಬಿ.ಎ. ಮುಗಿಸಿದ ಮೇಲೆ ಆಕೆ ಬಾಗಲಕೋಟೆಯ ಒಂದು ಸ್ಟುಡಿಯೊದಲ್ಲಿ ಮದುವೆ ಆಲ್ಬಂ ಮಾಡುವ ಕೆಲಸಕ್ಕಿದ್ದಳು. ಆಮೇಲೆ ಇಳಕಲ್ ಮತ್ತು ಗುಳೇದಗುಡ್ಡದ ನೇಕಾರರು ಸೇರಿ ಕಟ್ಟಿಕೊಂಡ ಸಂಸ್ಥೆಯೊಂದು ತನ್ನ ಸೀರೆ, ಕುಪ್ಪಸದ ಖಣಗಳ ಫೋಟೊ ನೋಡಿಕೊಳ್ಳುವವರು ಬೇಕೆಂದಾಗ ಊರಿಗೇ ಮರಳಿದಳು.

ಆಕೆ ಬಂದಾಗ ಅಲ್ಲಿ ಫೋಟೊಗಳಿಗೇನೂ ಕೊರತೆ ಇರಲಿಲ್ಲ, ಬೇಕಾದದ್ದು ಸಿಗುತ್ತಿರಲಿಲ್ಲ ಅಷ್ಟೇ. ಒಂದಿಷ್ಟು ಹಳೆಯ ಕಂಪ್ಯೂಟರಿನಲ್ಲಿ, ಒಂದಿಷ್ಟು ಪೆನ್‌ಡ್ರೈವುಗಳಲ್ಲಿ, ಉಳಿದದ್ದು ಮಾರಾಟ ನೋಡಿಕೊಳ್ಳುವ ಶಂಭುವಿನ ಮೊಬೈಲಿನಲ್ಲಿ. ಕ್ಯಾಮೆರಾ ಕೊಟ್ಟ ನಂಬರೇ ಎಲ್ಲದಕ್ಕೂ ಹೆಸರು. ಪುಣೆಯ ವ್ಯಾಪಾರಿ ಸೂಜಿಮಲ್ಲಿಗೆ ವಿನ್ಯಾಸದ ಖಣ ತೋರಿಸಿ ಎಂದರೆ ಶಂಭು ಅರ್ಧ ದಿನ ಬೆರಳಿನಿಂದ ಪರದೆ ತಳ್ಳುತ್ತ ಕೂರುತ್ತಿದ್ದ. ಅಷ್ಟರೊಳಗೆ ವ್ಯಾಪಾರಿ ಬೇರೆ ಅಂಗಡಿ ಹಿಡಿದಿರುತ್ತಿದ್ದ.

ಸುಮಾ ಎಲ್ಲವನ್ನೂ ಒಂದೆಡೆ ತಂದು ಮೊದಲು ವರ್ಷ, ತಿಂಗಳ ಪ್ರಕಾರ ಜೋಡಿಸಿದಳು. ನೋಡಲು ಚೊಕ್ಕಟವಾಯಿತು, ಆದರೂ ಯಾರಿಗೂ ಏನೂ ಸಿಗಲಿಲ್ಲ. ಯಾವ ಸೀರೆಯನ್ನು ಯಾವ ತಿಂಗಳು ತೆಗೆದದ್ದೆಂದು ಯಾರಿಗೆ ನೆನಪಿರುತ್ತದೆ? ಜನ ಹುಡುಕುವುದು ಬಾಯಿಗೆ ಬಂದ ಪದದಿಂದ ಎಂದು ಆಗ ಆಕೆಗೆ ಹೊಳೆಯಿತು. ಬಾಗಲಕೋಟೆಯ ರಿಜ್ವಾನ ಎಂಬ ಹುಡುಗ ಸಂಸ್ಥೆಗೆ ವೆಬ್‌ಸೈಟು ಮಾಡಿಕೊಟ್ಟಿದ್ದ. ಅದರಲ್ಲಿ ಪ್ರತಿ ಚಿತ್ರಕ್ಕೂ ಬೇಕಾದಷ್ಟು ಪದ ಅಂಟಿಸಬಹುದಿತ್ತು. ಯಾವುದಾದರೂ ಒಂದು ಪದ ಟೈಪು ಹೊಡೆದರೆ ಚಿತ್ರ ಬರುತ್ತಿತ್ತು. ಸುಮಾ ಬಣ್ಣ, ಅಂಚು, ಸೆರಗು, ಊರು ಎಲ್ಲ ಸೇರಿಸಿದಳು. ಒಬ್ಬರು ಮಲ್ಲಿಗೆ ಎಂದರೆ ಇನ್ನೊಬ್ಬರು ಮಲ್ಲಿಗಿ ಎಂದು ಹೊಡೆಯುತ್ತಾರೆಂದು ಎರಡನ್ನೂ ಸೇರಿಸಿದಳು. ಶಂಭು ಹುಡುಕುವಾಗ ಪಕ್ಕದಲ್ಲಿ ನಿಂತು, ಅವನ ಬಾಯಿಂದ ಬಂದ ಮಾತನ್ನೇ ಬರೆದುಕೊಳ್ಳುತ್ತಿದ್ದಳು. ಕೆಲವೇ ತಿಂಗಳಲ್ಲಿ, ವ್ಯಾಪಾರಿ ಫೋನು ಇಡುವ ಮುಂಚೆಯೇ ಚಿತ್ರ ಅವನ ಮೊಬೈಲಿಗೆ ಹೋಗುವಂತಾಯಿತು. ಎಲ್ಲರೂ ಆಕೆಯನ್ನು ಹೊಗಳಿದರು.

ನೇಕಾರರ ಹೆಸರಿನಿಂದಲೂ ಹುಡುಕುವವರಿದ್ದರು. ಅಲ್ಲಿ ಒಂದು ತೊಡಕು. ಗುಳೇದಗುಡ್ಡದಲ್ಲಿ ಕಾಳವ್ವ ಎಂಬ ಹೆಸರಿನವರು ಹಲವರು. ಸೂಜಿಮಲ್ಲಿಗೆ ನೇಯುವ ಕಾಳವ್ವನ ಬಲಗಾಲು ಚಿಕ್ಕಂದಿನಿಂದಲೂ ಸಣ್ಣದು. ಆಕೆ ಒಂದೇ ಕಾಲಿನಿಂದ ಮಗ್ಗ ತುಳಿಯುತ್ತ ಇಡೀ ಸಂಸಾರ ಸಾಕಿದವಳು. ಶಂಭು ಕೇಳುತ್ತಿದ್ದದ್ದು ಹೀಗೆ: “ಆ ಕುಂಟಿ ಕಾಳವ್ವಂದು ಖಣ ತಗಿ, ಸುಮಾ.” ಸುಮಾ ಹಾಗೆಯೇ ಬರೆದಳು. ಆಕೆಯ ಎಲ್ಲ ಚಿತ್ರಗಳನ್ನೂ ಒಟ್ಟಿಗೆ ಆರಿಸಿ, ಒಂದೇ ಸಲಕ್ಕೆ ಎಲ್ಲದಕ್ಕೂ ಆ ಪದ ಅಂಟಿಸಿದಳು. ಕಿವಿ ಕೇಳದ ಗಾಳೆಪ್ಪನಿಗೂ, ಮೆಳ್ಳಗಣ್ಣಿನ ಮಾದೇವಿಗೂ ಹೀಗೆಯೇ ಆಯಿತು. ಅದನ್ನು ಬರೆಯುವಾಗ ಆಕೆಯ ಮನಸ್ಸಿಗೆ ಏನೂ ಅನ್ನಿಸಲಿಲ್ಲ. ಕೆಲಸ ಬೇಗ ಸಾಗಿತು ಎಂಬ ಸಮಾಧಾನವಷ್ಟೇ.

ಬಾದಾಮಿಯಲ್ಲಿ ಒಂದು ಪ್ರದರ್ಶನ ಏರ್ಪಾಡಾಯಿತು. ಹೊರಗಿನ ವ್ಯಾಪಾರಿಗಳು ಬರುವವರಿದ್ದರು. ನೇಕಾರರ ಮನೆಯವರನ್ನೂ ಕರೆಸಲಾಗಿತ್ತು. ಅದಕ್ಕೂ ಮುಂಚೆ ರಿಜ್ವಾನ ಫೋನು ಮಾಡಿ, ಹುಡುಕುವ ಪದಗಳು ಇಷ್ಟು ದಿನ ನಮಗಷ್ಟೇ ಕಾಣುತ್ತಿದ್ದವು, ಇನ್ನು ಚಿತ್ರದ ಕೆಳಗೆ ಎಲ್ಲರಿಗೂ ಕಾಣಲಿ, ವ್ಯಾಪಾರಿಗಳಿಗೆ ಅನುಕೂಲ ಎಂದಿದ್ದ. ಸುಮಾ ಬೇರೇನೋ ಮಾಡುತ್ತಿದ್ದವಳು ಆಗಲಿ ಎಂದುಬಿಟ್ಟಿದ್ದಳು.

ಸಭಾಂಗಣದ ದೊಡ್ಡ ಪರದೆಯ ಮುಂದೆ ಶಂಭು ಮಾತಾಡಿದ. ಯಾವ ಬಟ್ಟೆ ಬೇಕಾದರೂ ಕಣ್ಣು ಮಿಟುಕಿಸುವುದರಲ್ಲಿ ಸಿಗುತ್ತದೆ ಎಂದು ಹೇಳಿ, ಮುಂದಿನ ಸಾಲಿನಲ್ಲಿದ್ದ ಕಾಳವ್ವನನ್ನು ಎಬ್ಬಿಸಿ ನಿಲ್ಲಿಸಿದ. ಸೊಸೆ ಪ್ರೀತಿ ಮುದುಕಿಯ ತೋಳು ಹಿಡಿದು ಪಕ್ಕದಲ್ಲಿ ನಿಂತಳು. ಸುಮಾ ಕಾಳವ್ವ ಎಂದು ಹೊಡೆದಳು. ಅಚ್ಚ ಕೆಂಪಿನ ಖಣ ಪರದೆಯ ತುಂಬ ಮೂಡಿತು. ಅದರ ಕೆಳಗೆ ಸಾಲಾಗಿ ಪದಗಳು: ಖಣ, ಸೂಜಿಮಲ್ಲಿಗೆ, ಕೆಂಪು, ಗುಳೇದಗುಡ್ಡ, ಕಾಳವ್ವ, ಕುಂಟಿ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸುಮಾ ಗಾಬರಿಯಿಂದ ಮುಂದಿನ ಚಿತ್ರಕ್ಕೆ ಹೋದಳು. ಅಲ್ಲಿಯೂ ಅದೇ ಪದ. ಅದರ ಮುಂದಿನದರಲ್ಲಿಯೂ ಅದೇ. ಕಾಳವ್ವನಿಗೆ ಓದಲು ಬಾರದು. ಆಕೆ ಪರದೆಯನ್ನೇ ನೋಡುತ್ತ ಸೊಸೆಯನ್ನು ಕೇಳಿದಳು.

“ಕೆಳಗ ಏನ ಬರದಾರವಾ?”

ಪ್ರೀತಿ ಒಂದು ಕ್ಷಣ ಸುಮಾಳ ಕಡೆ ನೋಡಿದಳು. ಆಮೇಲೆ ಹೇಳಿದಳು, “ನಿಮ್ಮ ಹೆಸರ ಬರದಾರ್ರಿ ಅತ್ತಿ.”

ಮುದುಕಿ ಸೆರಗು ತಲೆಯ ಮೇಲೆ ಸರಿಮಾಡಿಕೊಂಡು, ತನ್ನ ಬಟ್ಟೆಯ ಚಿತ್ರಕ್ಕೆ ಕೈ ಮುಗಿದಳು. ಸುಮಾ ಪರದೆ ಆರಿಸಿ, ಕರೆಂಟು ಹೋಯಿತೇನೋ ಎಂಬಂತೆ ತಂತಿಗಳನ್ನು ತಡಕಾಡತೊಡಗಿದಳು. ಕತ್ತು ಎತ್ತುವ ಧೈರ್ಯ ಇರಲಿಲ್ಲ.

ಮರುದಿನ ಕಚೇರಿಯಲ್ಲಿ ಕೂತು ತಾನು ಬರೆದ ಪದಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದಳು. ಕಿವುಡ, ಮೆಳ್ಳಿ, ಗೂನ. ಯಾವುದನ್ನೂ ಬೇರೆ ಯಾರೂ ಬರೆದಿರಲಿಲ್ಲ, ಎಲ್ಲವೂ ತನ್ನದೇ ಕೈಯವು. ಹಾಗೆ ನೋಡುತ್ತ ತಂದೆ ನೇಯ್ದ ಸೀರೆಗಳ ಚಿತ್ರ ಬಂತು. ಅಪ್ಪನಿಗೆ ಮಾತು ತೊದಲುತ್ತದೆ. ಇಳಕಲ್ಲಿನ ಅವರ ಓಣಿಯಲ್ಲಿ ತೊದಲ ಬೀರಪ್ಪ ಎಂದರೇನೇ ಗುರುತು. ಶಂಭುವೂ ಆಕೆ ಎದುರಿಗಿಲ್ಲದಾಗ ಹಾಗೆಯೇ ಅನ್ನುತ್ತಾನೆಂದು ಆಕೆಗೆ ಗೊತ್ತಿತ್ತು. ಆದರೆ ಚಿತ್ರದ ಕೆಳಗೆ ಸುಮಾ ಬರೆದದ್ದು, ಬೀರಲಿಂಗಪ್ಪ ಅವರು, ಇಳಕಲ್. ಬೇರೆಯವರ ಅಪ್ಪ ಅವ್ವಂದಿರಿಗೂ ಸಲ್ಲಬೇಕಾದ ಮರ್ಯಾದೆ ತನ್ನ ಮನೆಯ ಹೊಸ್ತಿಲಲ್ಲಿ ಮಾತ್ರ ನೆನಪಾಗಿತ್ತು. ಆಕೆ ಮುಖ ಮುಚ್ಚಿಕೊಂಡು ಕೂತುಬಿಟ್ಟಳು. ತಿಳಿಯದೆ ಆಯಿತು ಎಂದು ತನಗೆ ತಾನೇ ಹೇಳಿಕೊಳ್ಳಲೂ ಇನ್ನು ಆಗುತ್ತಿರಲಿಲ್ಲ.

ಆ ಪದಗಳನ್ನೆಲ್ಲ ಮರೆಮಾಡಲು ರಿಜ್ವಾನನಿಗೆ ಹೇಳಿ, ಸುಮಾ ಗುಳೇದಗುಡ್ಡದ ಬಸ್ಸು ಹತ್ತಿದಳು. ಕಾಳವ್ವನ ಕಾಲು ಹಿಡಿದು ತಪ್ಪು ಒಪ್ಪಿಕೊಳ್ಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಒಳಗೆ ಮಗ್ಗದ ಸದ್ದು ಕೇಳುತ್ತಿತ್ತು. ಬಾಗಿಲಲ್ಲಿ ಪ್ರೀತಿ ತಡೆದಳು.

“ಯಾಕ ಬಂದೀರಿ ನನಗ ಗೊತ್ತೈತ್ರಿ. ಹೇಳಬ್ಯಾಡ್ರಿ,” ಎಂದಳು. “ಹೇಳಿದ್ರ ನಿಮ್ಮ ಎದಿ ಹಗರ ಆಗ್ತೈತಿ. ಆ ಭಾರ ಅತ್ತಿ ಎದಿಮ್ಯಾಲೆ ಬೀಳ್ತೈತಿ.”

ಓಣಿಯವರು ಹಾಗೆ ಕರೆಯುವುದು ಅವರಿಗೂ ಗೊತ್ತಿರಬೇಕಲ್ಲ ಎಂದು ಸುಮಾ ಮೆಲ್ಲಗೆ ಕೇಳಿದಳು.

“ಗೊತ್ತಿಲ್ದ ಏನ್ರಿ? ಓಣಿ ಮಂದಿ ಅಂದದ್ದು ಗಾಳಿಗೆ ಹೋಗ್ತೈತಿ. ನೀವು ಬರದಿಟ್ರಿ.”

ಅಷ್ಟರಲ್ಲಿ ಒಳಗಿನಿಂದ ಕಾಳವ್ವ ಯಾರೆಂದು ಕೇಳಿ, ಸುಮಾ ಎಂದು ಗೊತ್ತಾಗುತ್ತಲೇ ಮಗ್ಗ ನಿಲ್ಲಿಸಿದಳು. ಪಕ್ಕದಲ್ಲಿ ಕೂರಿಸಿಕೊಂಡು, ಸೊಸೆಗೆ ಚಹಾ ಇಡಲು ಹೇಳಿದಳು. ಅಷ್ಟು ದೊಡ್ಡ ಮಂದಿಯ ಮುಂದೆ ತನ್ನ ಹೆಸರು ಬರೆದು ತೋರಿಸಿದ್ದಕ್ಕೆ ಸುಮಾಳ ಗಲ್ಲ ಸವರಿ ನೆಟಿಕೆ ಮುರಿದಳು. ಸುಮಾ ಚಹಾದ ಲೋಟ ಕೆಳಗಿಟ್ಟಳು. ಜೋಡಿಸಿಕೊಂಡು ಬಂದ ಮಾತನ್ನು ನುಂಗಿಕೊಂಡು, ಬೇರೊಂದು ಕೇಳಿದಳು.

“ಯವ್ವಾ, ಈ ಊರಾಗ ಕಾಳವ್ವ ಅನ್ನೋರು ಭಾಳ ಮಂದಿ ಅದಾರ. ನಿಮ್ಮ ಖಣ ಹುಡುಕೋರಿಗೆ ನಿಮ್ದ ಸಿಗಬೇಕು. ಯಾವ ಹೆಸರ ಹಾಕಲ್ರಿ?”

ಹೀಗೆ ಯಾರೂ ಕೇಳಿರಲಿಲ್ಲವೇನೋ, ಮುದುಕಿ ಮಗ್ಗದ ಮೇಲಿನ ಬಟ್ಟೆಯನ್ನು ಒಮ್ಮೆ ಸವರಿದಳು.

“ತುಳಸಿಗೇರಿ ಕಾಳವ್ವ ಅಂತ ಹಾಕು. ನನ್ನ ತವರಮನಿ ಅದು. ಇಲ್ಲಿ ಯಾರೂ ಹಂಗ ಕರ್ಯಾಂಗಿಲ್ಲ. ಕರದ್ರ ಚಲೋ ಅನಸ್ತಿತ್ತು.”

ಸುಮಾ ಅಲ್ಲೇ ಕೂತು ಮೊಬೈಲಿನಿಂದ ಹಾಗೆ ಬರೆದಳು. ಆದರೆ ಇಳಕಲ್ಲಿಗೆ ಬಂದ ಮೇಲೆ ಆಕೆಯ ಧೈರ್ಯ ಅಷ್ಟಕ್ಕೇ ನಿಂತಿತು. ರಿಜ್ವಾನ ಹಳೆಯ ಪದವನ್ನು ಮರೆಮಾಡಿದ್ದ, ತೆಗೆದಿರಲಿಲ್ಲ. ಹೊರಗಿನವರಿಗೆ ಕಾಣದು, ಹೊಡೆದರೆ ಮಾತ್ರ ಚಿತ್ರ ಬರುತ್ತದೆ, ಶಂಭುವಿಗೆ ರೂಢಿ ತಪ್ಪಬಾರದಲ್ಲ ಎಂದ. ಸುಮಾ ಒಪ್ಪಿಕೊಂಡಳು. ಶಂಭು ಎಂದಿನಂತೆ ಆ ಪದ ಹೊಡೆಯುತ್ತಿದ್ದ, ಕಾಳವ್ವನ ಕೆಂಪು ಖಣ ಎಂದಿನಂತೆ ಎದ್ದು ಬರುತ್ತಿತ್ತು. ಪ್ರತಿಸಲವೂ ಸುಮಾ ಎದ್ದು ಹೊರಗೆ ಹೋಗುತ್ತಿದ್ದಳು. ಕೆಲವು ವಾರ ಹೀಗೆಯೇ ಕಳೆದ ಮೇಲೆ, ಇನ್ನು ಸಹಿಸಲಾಗದೆ ಎಲ್ಲ ಅಡ್ಡಹೆಸರುಗಳನ್ನೂ ಬೇರುಸಹಿತ ಅಳಿಸಿದಳು.

ಆ ದಿನವೇ ಶಂಭು ವ್ಯಾಪಾರಿಯನ್ನು ಫೋನಿನಲ್ಲಿ ನಿಲ್ಲಿಸಿಕೊಂಡು ಪರದೆ ಖಾಲಿ ಬಂದದ್ದಕ್ಕೆ ಸಿಡುಕಿದ. ಸುಮಾ ತುಳಸಿಗೇರಿ ಎಂದು ಹೊಡೆಯಲು ಹೇಳಿದಳು. ಫೋನು ಇಟ್ಟ ಮೇಲೆ ಯಾಕೆ ಎಂದು ಆತ ಕೇಳಿದಾಗ ಬಾದಾಮಿಯಲ್ಲಿ ಆದದ್ದು, ಪ್ರೀತಿ ಆಡಿದ ಮಾತು, ಎಲ್ಲ ಹೇಳಿದಳು. ಅಂದು ಪರದೆಗೆ ಬೆನ್ನು ಮಾಡಿ ನಿಂತು ಮಾತಾಡುತ್ತಿದ್ದ ಶಂಭು ಆ ಪದವನ್ನು ನೋಡಿಯೇ ಇರಲಿಲ್ಲ. ಮುಂದಿನ ಸಲ ಆತ ತಾನಾಗಿಯೇ ಹೊಸ ಹೆಸರು ಹೊಡೆದ.

ಈಗ ಕಚೇರಿಯಲ್ಲಿ ಎಲ್ಲರೂ ತುಳಸಿಗೇರಿ ಕಾಳವ್ವ ಎನ್ನುತ್ತಾರೆ. ಗುಳೇದಗುಡ್ಡದ ಓಣಿಯಲ್ಲಿ ಹಳೆಯ ಹೆಸರೇ ನಡೆದಿದೆ. ಹೊಸ ನೇಕಾರರ ಮನೆಗೆ ಹೋದಾಗ ಸುಮಾ ಕ್ಯಾಮೆರಾ ತೆಗೆಯುವ ಮೊದಲು, ನಿಮ್ಮನ್ನು ಏನೆಂದು ಬರೆಯಲಿ ಎಂದು ಕೇಳುತ್ತಾಳೆ. ಕೆಲವರು ನಗುತ್ತಾರೆ, ಕೆಲವರು ಬಹಳ ಹೊತ್ತು ಯೋಚಿಸುತ್ತಾರೆ. ಕಾಳವ್ವನಿಗೆ ಇಂದಿಗೂ ಏನೂ ಗೊತ್ತಿಲ್ಲ. ಸುಮಾ ಹೋದಾಗಲೆಲ್ಲ, ತನ್ನ ಹೆಸರು ಬರೆದ ಹುಡುಗಿ ಎಂದು ನೆರೆಮನೆಯವರನ್ನೆಲ್ಲ ಕರೆದು ತೋರಿಸುತ್ತಾಳೆ. ಪ್ರೀತಿ ಒಳಗಿನಿಂದ ನೋಡುತ್ತಿರುತ್ತಾಳೆ. ಸುಮಾ ತಲೆ ತಗ್ಗಿಸಿಕೊಂಡು ನಿಂತಿರುತ್ತಾಳೆ. ಹುಡುಗಿ ಭಾಳ ನಾಚಿಕೆಯವಳು ಎಂದು ಮುದುಕಿ ಎಲ್ಲರಿಗೂ ಹೇಳುತ್ತಾಳೆ.