ಊಟದ ಹೊತ್ತಿನ ಇಳಿಜಾರು

ಆರು ಚಳಿಗಾಲ ನಾನು ಚೀಲ ಕಾದಿದ್ದೇನೆ. ಮಿಶಿಗನ್‌ನ ರಾಚೆಸ್ಟರ್ ಹಿಲ್ಸ್‌ನ ನಮ್ಮ ಮನೆಯಿಂದ ನಲವತ್ತು ನಿಮಿಷ ಡ್ರೈವ್ ಮಾಡಿದರೆ ಒಂದು ಸ್ಕೀ ಗುಡ್ಡ ಸಿಗುತ್ತದೆ. ಗುಡ್ಡ ಎಂದರೆ ಗೌರವ ಕೊಟ್ಟ ಹಾಗೆ. ಹೆದ್ದಾರಿಯ ಎಕ್ಸಿಟ್‌ನಿಂದ ನೋಡಿದರೆ ಅದೊಂದು ದೊಡ್ಡ ದಿಬ್ಬ, ಹಿಮ ಬೀಳದ ವಾರ ಯಂತ್ರದಿಂದ ಹಿಮ ಚೆಲ್ಲುತ್ತಾರೆ. ಜನವರಿಯ ಶನಿವಾರಗಳಲ್ಲಿ ನಾವು ನಾಲ್ಕೈದು ಕನ್ನಡದ ಕುಟುಂಬಗಳು ಒಟ್ಟಾಗಿ ಅಲ್ಲಿಗೆ ಹೋಗುತ್ತಿದ್ದೆವು. ಜೊತೆಗೆ ಮೂರು ಕೂಲರ್, ಎರಡು ಥರ್ಮಾಸ್, ಒಂದು ರೈಸ್ ಕುಕ್ಕರ್. ಗುಡ್ಡದ ಬುಡದ ಹಾಲ್‌ನಲ್ಲಿ ಪ್ಲಗ್ ಇರುವ ಟೇಬಲ್ ಹಿಡಿಯುತ್ತಿದ್ದೆವು. ಆಮೇಲೆ ಅದನ್ನು ಕಾಯಲು ಒಬ್ಬ ಆಂಟಿ ಬೇಕು. ಆ ಆಂಟಿ ನಾನು.

ಕೂರು ಎಂದು ನನಗೆ ಯಾರೂ ಹೇಳಿರಲಿಲ್ಲ. ಮೊದಲ ವರ್ಷ ನಾನೂ ಎಲ್ಲರಂತೆ ಮೂರು ಪಾಠ ಕಲಿತು, ತಂತಿಗೆ ತೂಗುವ ಕುರ್ಚಿ ಲಿಫ್ಟ್ ಹತ್ತಿದ್ದೆ. ಮೇಲೆ ಇಳಿಯುವಾಗ ಬಿದ್ದೆ. ಹಿಂದಿನ ಕುರ್ಚಿಯವರು ನನ್ನ ಮೇಲೆ ಬಿದ್ದರು. ಲಿಫ್ಟ್ ನಿಲ್ಲಿಸಿದರು. ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿನ ಚಳಿಯಲ್ಲಿ ಇಡೀ ಗುಡ್ಡದ ಜನ ಗಾಳಿಯಲ್ಲಿ ತೂಗಾಡುತ್ತಾ ನನ್ನನ್ನು ನೋಡಿದರು. ಪೆಟ್ಟೇನೂ ಆಗಲಿಲ್ಲ. ಮುಂದಿನ ವಾರ, ಮನೆಗೊಂದು ಅಡುಗೆ ತರುವ ಪಾಟ್‌ಲಕ್‌ನಲ್ಲಿ ಒಬ್ಬ ಅಂಕಲ್ ತಟ್ಟೆ ಹಿಡಿದುಕೊಂಡೇ ನನ್ನ ಗಂಡನಿಗೆ ನಾನು ಬಿದ್ದ ಭಂಗಿ ಮಾಡಿ ತೋರಿಸಿದರು. "ನಿಮ್ಮ ಮನೇವ್ರು ಲಿಫ್ಟ್ ನಿಲ್ಸಿದಾಗ ಮಿಶಿಗನ್‌ಗೇ ಪವರ್ ಕಟ್ ಆಯ್ತು ಅಂದ್ಕೊಂಡ್ವಿ ಸಾರ್!" ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂದಿನ ಶನಿವಾರ ಮಂಡಿ ನೋವು ಎಂದು ಹೇಳಿ ಟೇಬಲ್ ಕಾದೆ. ನೋವು ಆರು ವರ್ಷ ನಡೆಯಿತು.

ಮದುವೆಗೆ ಮೊದಲು ಮೈಸೂರಿನಲ್ಲಿ ಪತ್ರಿಕೆಯೊಂದರ ಡೆಸ್ಕ್‌ನಲ್ಲಿದ್ದೆ. ಕಂಡದ್ದನ್ನು ಎಣಿಸುವ ಚಟ ಅಲ್ಲಿಂದ ಬಂದದ್ದು. ಆ ಹಾಲ್‌ನಲ್ಲಿ ಬೇರೆಯವರು ಬೂಟು, ಚೀಲ, ಕೆಲವೊಮ್ಮೆ ಪರ್ಸನ್ನೂ ಬೆಂಚಿನ ಮೇಲೆ ಬಿಟ್ಟು ಹೋಗುತ್ತಿದ್ದರು. ಆರು ಚಳಿಗಾಲದಲ್ಲಿ ಕಳುವಾದ ವಸ್ತುಗಳ ಸಂಖ್ಯೆ ಸೊನ್ನೆ. ಈ ಅಂಕಿ ಗೊತ್ತಿದ್ದೂ ನಾನು ಕಾಯುತ್ತಲೇ ಇದ್ದೆ. ನನಗೆ ಬೇಕಾಗಿದ್ದದ್ದು ಒಂದೇ: ಒಂದು ಇಳಿಜಾರನ್ನು ಮೇಲಿನಿಂದ ಕೆಳತನಕ ನನ್ನ ಕಾಲ ಮೇಲೆ ನಾನೇ ಇಳಿಯಬೇಕು, ಅದನ್ನು ಯಾರೂ ನೋಡಬಾರದು. ಇದನ್ನು ಮನೆಯಲ್ಲೂ ಹೇಳಿರಲಿಲ್ಲ.

ಎರಡು ಸಾವಿರದ ದಶಕದ ನಡುವೆ, ಡಿಯರ್‌ಬಾರ್ನ್‌ನಲ್ಲಿ ಎಂಜಿನಿಯರ್ ಆಗಿದ್ದ ನನ್ನ ಗಂಡನನ್ನು ಕಂಪನಿ ಮೂರು ತಿಂಗಳು ಜರ್ಮನಿಗೆ ಕಳಿಸಿತು. ಫೆಬ್ರವರಿಯಲ್ಲಿ ಮಗಳ ರಜೆಗೆ ನಾವಿಬ್ಬರೂ ಅಲ್ಲಿಗೆ ಹೋದೆವು. ಶಿಕಾಗೋ ಬಳಿಯ ಪ್ಲೇನ್‌ಫೀಲ್ಡ್‌ನಿಂದ ನಮ್ಮ ಹಳೆಯ ಸ್ನೇಹಿತೆಯೂ ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ಬಂದರು. ಹುಬ್ಬಳ್ಳಿಯ ಮುಸ್ಲಿಂ ಮನೆತನದವರು. ನಾವೂ ಆ ಕಡೆ ಇದ್ದಾಗ ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದರು, ಮಕ್ಕಳ ಜೊತೆ ವಿಸ್ಕಾನ್ಸಿನ್‌ಗೆ ಹೋಗಿ ಸ್ಕೀ ಕಲಿತಿದ್ದರು. ಆಸ್ಟ್ರಿಯಾದ ಆಲ್ಪ್ಸ್‌ನ ಒಂದು ಹಳ್ಳಿಯಲ್ಲಿ ಅಡುಗೆಮನೆ ಇರುವ ಮನೆಯೊಂದನ್ನು ವಾರಕ್ಕೆ ಹಿಡಿದೆವು. ಗೆಳತಿಯ ಸೂಟ್‌ಕೇಸಿನಲ್ಲಿ ಅರ್ಧದಷ್ಟು ಕಟಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ.

ಮೊದಲ ದಿನ ಸುಲಭದ ಇಳಿಜಾರಿನ ಬುಡದಲ್ಲಿ ನಿಂತು ನೋಡಿದೆ. ನಮ್ಮ ದಿಬ್ಬದಂಥ ಇಪ್ಪತ್ತು ದಿಬ್ಬಗಳನ್ನು ಒಂದರ ಮೇಲೊಂದು ಪೇರಿಸಿದಷ್ಟು ಎತ್ತರ. ಜನವೂ ಅದಕ್ಕೆ ತಕ್ಕಂತೆ. ಸ್ಕೀ ಶಾಲೆಯ ಪುಟ್ಟ ಮಕ್ಕಳು ಬಾತುಕೋಳಿಗಳ ಸಾಲಿನಂತೆ ಹೋಗುತ್ತಿದ್ದವು. ನನ್ನ ಮಂಡಿ ಮತ್ತೆ ನೋಯತೊಡಗಿತು. ಜನ ಜಾಸ್ತಿ ಎಂದಷ್ಟೇ ಮನೆಯವರಿಗೆ ಹೇಳಿದೆ.

ಗಂಡ ಇದನ್ನು ಎಂಜಿನಿಯರಿಂಗ್ ಸಮಸ್ಯೆ ಎಂದು ತಿಳಿದರು. ರಾತ್ರಿ ಊಟದ ಮೇಜಿನ ಮೇಲೆ ನಕ್ಷೆ ಹರಡಿ, ನಾಳೆ ಬೆಳಗ್ಗೆ ಎಂಟೂವರೆಗೇ ಹೋಗೋಣ ಎಂದರು. ಮರುದಿನ ಎಂಟೂವರೆಗೆ ಹೋದೆವು. ಎಲ್ಲರೂ ಎಂಟೂವರೆಗೇ ಬಂದಿದ್ದರು. ಆಗ ಗಂಡ ನನ್ನ ತೋಳು ಹಿಡಿದು ಇನ್ನೊಂದು ಲಿಫ್ಟಿನಲ್ಲಿ ಇನ್ನೂ ಮೇಲಕ್ಕೆ ಕರೆದುಕೊಂಡು ಹೋದರು.

"ಇಲ್ಲಿ ನೋಡು, ಜನಾನೇ ಇಲ್ಲ. ಬಾ."

"ಯಾಕಿಲ್ಲ ಅಂತ ವಿಚಾರಿಸಿದ್ರಾ?"

"ಬೆಳಗ್ಗೆ ಅಲ್ವಾ, ಇನ್ನೂ ಬಂದಿಲ್ಲ."

ಅಂಚಿಗೆ ಹೋಗಿ ಬಗ್ಗಿ ನೋಡಿದೆ. ಕೆಂಪು ಕಂಬಗಳ ಸಾಲು ನೇರವಾಗಿ ಕೆಳಗೆ ಮಾಯವಾಗಿತ್ತು. ಅಲ್ಲಿ ನೀಲಿ ಎಂದರೆ ಸುಲಭ, ಕೆಂಪು ಎಂದರೆ ಪಳಗಿದವರಿಗೆ. ನಾನು ಲಿಫ್ಟಿನಲ್ಲೇ ವಾಪಸ್ ಇಳಿದೆ. ಕೆಳಗಿಳಿಯುವ ಕುರ್ಚಿಯಲ್ಲಿ ನಾನೊಬ್ಬಳೇ. ಎದುರಿನಿಂದ ಮೇಲೇರುವ ಕುರ್ಚಿಗಳಲ್ಲಿ ತುಂಬಿದ ಜನ, ಎಲ್ಲರ ಮುಖವೂ ನನ್ನ ಕಡೆಗೆ. ಒಬ್ಬ ಅಜ್ಜ ಟೋಪಿ ತೆಗೆದು ನಮಸ್ಕರಿಸಿದ. ಒಳ್ಳೆಯ ಮನಸ್ಸಿನಿಂದಲೇ ಇರಬೇಕು.

ಅಂದು ಸಂಜೆ ಮಗಳು ಬೂಟು ಬಿಚ್ಚುತ್ತಾ, "ಅಮ್ಮಾ, ಇಟ್ಸ್ ಓಕೆ. ಯು ಕ್ಯಾನ್ ಜಸ್ಟ್ ವಾಚ್ ದಿ ಬ್ಯಾಗ್ಸ್" ಎಂದಳು. ಹದಿಮೂರು ವರ್ಷ ಅವಳಿಗೆ. ಸಮಾಧಾನಕ್ಕೆ ಹೇಳಿದ ಮಾತು. ಅದು ನಾಟಿದಷ್ಟು ಪಾಟ್‌ಲಕ್‌ನ ನಗು ನಾಟಿರಲಿಲ್ಲ.

ಮೂರನೆಯ ದಿನ ನಾನು ಚೀಲ ಕಾಯಲು ಸಿದ್ಧಳಾಗಿಯೇ ಹೋದೆ. ಗೆಳತಿಯ ಒತ್ತಾಯಕ್ಕೆ ಬೂಟು, ಸ್ಕೀ ಮಾತ್ರ ಅಂದೂ ಬಾಡಿಗೆಗೆ ಹಿಡಿದಿದ್ದೆ. ಬುಡದಲ್ಲಿದ್ದ ಹೋಟೆಲಿನಲ್ಲಿ ಹೊರಗಿನ ತಿಂಡಿ ಬಿಚ್ಚುವಂತಿಲ್ಲ ಎಂಬ ಚೀಟಿ ಇತ್ತು. ಅಲ್ಲಿಯ ಸೂಪಿನಲ್ಲೂ ಹಂದಿ ಮಾಂಸ. ನಾನು ಮಾಂಸ ತಿನ್ನುವುದಿಲ್ಲ, ಗೆಳತಿ ಹಂದಿ ಮುಟ್ಟುವುದಿಲ್ಲ. ಹಾಗಾಗಿ ನಾವಿಬ್ಬರೂ ಹನ್ನೊಂದಕ್ಕೇ ಲಿಫ್ಟಿನ ಹಿಂದಿನ ಮರದ ಷೆಡ್ಡಿನ ಬಿಸಿಲಿಗೆ ಕೂತು ಡಬ್ಬಿ ಬಿಚ್ಚಿದೆವು. ಕಟಕ್ ರೊಟ್ಟಿ, ಚಟ್ನಿಪುಡಿ, ನಾನು ಕಲಸಿ ತಂದ ಮೊಸರನ್ನ. ಮೊಸರನ್ನ ಅಂಚಿನಲ್ಲಿ ಗಟ್ಟಿಯಾಗಿತ್ತು.

"ಅಕ್ಕಾರ, ಇದನ್ನ ಐಸ್‌ಕ್ರೀಮ್ ಅಂತ ಮಾರಬೌದು ನೋಡ್ರಿ" ಎಂದರು ಅವರು.

ತಿಂದು ಮುಗಿಸುವಾಗ ಹನ್ನೆರಡಾಗಿತ್ತು. ಚರ್ಚಿನ ಗಂಟೆ ಕೇಳಿತು. ಗಂಡನೂ ಮಕ್ಕಳೂ ಆಲೂಗಡ್ಡೆ ಫ್ರೈಸ್‌ಗೆಂದು ಹೋಟೆಲಿಗೆ ನುಗ್ಗಿದರು. ಅವರ ಹಿಂದೆ ಬಾತುಕೋಳಿಯ ಸಾಲು, ಅವರ ಮೇಷ್ಟರುಗಳು, ಅಜ್ಜಂದಿರು. ಬಾಗಿಲ ಹೊರಗೆ ಸ್ಕೀಗಳ ಕಾಡೇ ನಿಂತಿತು. ಡಬ್ಬಿಯ ಮುಚ್ಚಳ ಹಾಕಿ ತಲೆ ಎತ್ತಿದೆ.

ಗುಡ್ಡ ಖಾಲಿಯಾಗಿತ್ತು. ಲಿಫ್ಟಿನ ಕುರ್ಚಿಗಳು ಯಾರನ್ನೂ ಹೊರದೆ ಒಂದೊಂದಾಗಿ ಮೇಲೆ ಹೋಗುತ್ತಿದ್ದವು. ನಲವತ್ತು ಎಣಿಸಿದೆ. ಮೂರರಲ್ಲಿ ಮಾತ್ರ ಜನ.

"ಮಂದಿ ಎಲ್ಲಾ ಉಣ್ಣಾಕ ಹೋಗ್ಯಾರ. ಏಳ್ರಿ ಅಕ್ಕಾರ" ಎಂದರು ಗೆಳತಿ.

"ಚೀಲ?"

"ಚೀಲ ಏನು ನಿಮ್ಮ ಮಗಳೇನ್ರಿ? ಕೂತಿರ್ತಾವ ಅಲ್ಲೇ."

"ಬಿದ್ರೆ?"

"ಬಿದ್ರ ಬೀಳ್ರಿ. ನೋಡಾಕ ಯಾರದಾರ? ನಾನೊಬ್ಬಾಕಿ. ನನಗ ನಿಮ್ಮ ಭಾಳ ಗುಟ್ಟು ಗೊತ್ತದಾವ, ಇದೊಂದು ಹೆಚ್ಚಾತು ಅಷ್ಟ."

ಲಿಫ್ಟಿನ ಬಳಿ ನಿಂತಿದ್ದ ನಡುವಯಸ್ಸಿನವನು ನನ್ನ ಕಾಲುಗಳನ್ನು ಒಮ್ಮೆ ನೋಡಿದ. ನಾನು ಏನೂ ಕೇಳಲಿಲ್ಲ. ಅವನು ಲಿಫ್ಟಿನ ವೇಗ ತಗ್ಗಿಸಿ, ಕುರ್ಚಿಯನ್ನು ಕೈಯಿಂದ ಹಿಡಿದು ನನ್ನ ಹಿಂದೆ ತಂದ. ಮೇಲಿದ್ದವನಿಗೂ ಫೋನಿನಲ್ಲಿ ಏನೋ ಹೇಳಿರಬೇಕು, ಇಳಿಯುವಲ್ಲಿಯೂ ಕುರ್ಚಿ ನಿಧಾನವಾಯಿತು. ಬೆಳಗಿನ ನೂಕುನುಗ್ಗಲಲ್ಲಿ ಅವನಿಗೆ ಇದು ಸಾಧ್ಯವಿರಲಿಲ್ಲ. ನಾನು ಬೀಳದೆ ಇಳಿದೆ.

ಆ ನೀಲಿ ಇಳಿಜಾರಿಗೆ ಇಪ್ಪತ್ತಾರು ನಿಮಿಷ ಹಿಡಿಯಿತು. ಪಳಗಿದವರು ಅದನ್ನು ಮೂರು ನಿಮಿಷದಲ್ಲಿ ಮುಗಿಸುತ್ತಾರೆ. ಸ್ಕೀಗಳ ತುದಿ ಒಳಗೆ ಮಾಡಿ, ಈ ಅಂಚಿನಿಂದ ಆ ಅಂಚಿಗೆ, ಮತ್ತೆ ಆ ಅಂಚಿನಿಂದ ಈ ಅಂಚಿಗೆ. ಜನವಿದ್ದರೆ ಹೀಗೆ ಇಡೀ ಅಗಲ ಬಳಸಲು ಆಗುತ್ತಿರಲಿಲ್ಲ. ಎರಡು ಸಲ ಬಿದ್ದೆ. ಎರಡನೆಯ ಸಲ ಬಿದ್ದಲ್ಲೇ ಸ್ವಲ್ಪ ಹೊತ್ತು ಮಲಗಿದೆ. ಹಿಮದ ಮೇಲೆ ಸ್ಕೀ ಕರಕರ ಎನ್ನುವುದು ಅಷ್ಟು ಹೊತ್ತೂ ಕೇಳಿಸಿತ್ತು. ಆ ಸದ್ದು ನಿಂತ ಮೇಲೆ ಏನೂ ಕೇಳಿಸಲಿಲ್ಲ. ಹಿಂದೆ ನಿಂತಿದ್ದ ಗೆಳತಿಯೂ ಬಾಯಿ ತೆರೆಯಲಿಲ್ಲ. ಮಾತುಗಾತಿ ಅವರು. ಆ ಹೊತ್ತು ಸುಮ್ಮನಿದ್ದದ್ದಕ್ಕೆ ನಾನು ಅವರಿಗೆ ಇಂದಿಗೂ ಕೃತಜ್ಞಳು.

ಬುಡ ತಲುಪಿದಾಗ ಲಿಫ್ಟಿನವನು ಬೆರಳೆತ್ತಿ ಕೇಳಿದ: ಇನ್ನೊಂದು? ಇನ್ನೊಂದು ಮಾಡಿದೆವು. ಒಂದೂವರೆ ದಾಟುವ ಹೊತ್ತಿಗೆ ಬಾತುಕೋಳಿಗಳು ಹೊರಬಂದವು. ನಾವು ಷೆಡ್ಡಿನ ಬಳಿ ಚೀಲದ ಪಕ್ಕ ಕೂತಿದ್ದೆವು. ಮಗಳು ನನ್ನ ಬೆನ್ನಿನ ಹಿಮ ನೋಡಿದಳು.

ಆಮೇಲಿನ ಮೂರು ದಿನವೂ ಹನ್ನೆರಡರಿಂದ ಒಂದೂವರೆ ನಮ್ಮದಾಯಿತು. ಕೊನೆಯ ದಿನ ಹನ್ನೆರಡೂಕಾಲಿಗೆ, ನಾನು ಮೂರನೇ ತಿರುವಿನಲ್ಲಿದ್ದಾಗ, ಮಗಳು ಕೆಳಗೆ ಷೆಡ್ಡಿನ ಬಳಿ ಕೂತಿರುವುದು ಕಂಡಿತು. ಫ್ರೈಸ್ ಬಿಟ್ಟು ಬಂದಿದ್ದಳು. ನೋಡುವವರು ಬಂದಾಯಿತು ಎಂದುಕೊಂಡೆ. ನಿಲ್ಲಲಿಲ್ಲ, ನಿಲ್ಲುವುದನ್ನು ಇಳಿಜಾರಿನ ಕೊನೆಗೇ ಇಟ್ಟುಕೊಂಡಿದ್ದೆ.

"ಹೌ ಲಾಂಗ್ ಹ್ಯಾವ್ ಯು ಬೀನ್ ಡೂಯಿಂಗ್ ದಿಸ್?" ಎಂದಳು.

"ಬುಧವಾರದಿಂದ."

"ಅಪ್ಪಂಗೆ ಹೇಳ್ಲಾ?"

"ಬೇಡ."

ಅವಳು ಮೊಸರನ್ನದ ಡಬ್ಬಿ ತೆಗೆದು, "ಗೋ ಅಗೇನ್. ಐ'ಲ್ ವಾಚ್ ದಿ ಬ್ಯಾಗ್ಸ್" ಎಂದಳು.

ಮಿಶಿಗನ್‌ಗೆ ಮರಳಿದ ಮೇಲೆ ಹನ್ನೆರಡರ ಉಪಾಯ ಅಲ್ಲಿ ನಡೆಯಲಿಲ್ಲ. ಅಲ್ಲಿಯ ಜನ ಹತ್ತು ನಿಮಿಷದಲ್ಲಿ ಬರ್ಗರ್ ಮುಗಿಸಿ ಮತ್ತೆ ಸಾಲಿನಲ್ಲಿ ನಿಲ್ಲುತ್ತಾರೆ. ಟಿಕೆಟ್ ಕಿಟಕಿಯಲ್ಲಿದ್ದ ಹೆಂಗಸನ್ನು, ಈ ಗುಡ್ಡ ಯಾವಾಗ ಖಾಲಿ ಇರುತ್ತದೆ ಎಂದು ಕೇಳಿದೆ. ಅವಳು ಯೋಚಿಸದೆ ಹೇಳಿದಳು: ಫುಟ್‌ಬಾಲ್ ಫೈನಲ್ ದಿನ, ಮ್ಯಾಚ್ ಶುರುವಾದ ಮೇಲೆ.

ಮುಂದಿನ ವರ್ಷ ಆ ಭಾನುವಾರ ನಮ್ಮವರೆಲ್ಲ ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಟಿವಿ ಮುಂದೆ ಮಿರ್ಚಿ ಬಜ್ಜಿ ಇಟ್ಟುಕೊಂಡು ಕೂತಿದ್ದರು. ಮಗಳೂ ನಾನೂ ಗುಡ್ಡಕ್ಕೆ ಹೋದೆವು. ಲಿಫ್ಟಿಗೆ ಸಾಲೇ ಇರಲಿಲ್ಲ. ಆರು ವರ್ಷ ನಾನು ಕೂತಿದ್ದ ಟೇಬಲ್ ಮೇಲೆ ನಮ್ಮ ಚೀಲ, ಥರ್ಮಾಸ್, ಅವಳ ಪುಸ್ತಕ ಇಟ್ಟು ಹೊರಟೆವು. ನಾಲ್ಕು ಸಲ ಇಳಿದೆ, ಒಂದು ಸಲ ಬಿದ್ದೆ. ವಾಪಸ್ ಬಂದು ನೋಡಿದರೆ ಎಲ್ಲವೂ ಇಟ್ಟಲ್ಲೇ ಇತ್ತು. ಥರ್ಮಾಸಿನ ಕಾಫಿ ಇನ್ನೂ ಬಿಸಿಯಾಗಿತ್ತು.